ರಾಷ್ಟ್ರೀಯ ಆರೋಗ್ಯಸೇವಾ ದಳ

ವೈದ್ಯರ ಅಭಾವದಿಂದ ಬಳಲುವ ಗ್ರಾಮಗಳಿಗೂ ನಗರಗಳ ಬಡ ವಸತಿಗಳಿಗೂ ವೈದ್ಯರು, ದಂತವೈದ್ಯರು, ದಾದಿಯರು ಮೊದಲಾದವರನ್ನು ನಿಯೋಜಿಸುವ ಸಲುವಾಗಿ ಅಮೆರಿಕ ಸಂಯುಕ್ತಸಂಸ್ಥಾನಗಳ ಸರ್ಕಾರ ಸ್ಥಾಪಿಸಿದ ಸಂಸ್ಥೆ. ಎರಡನೆಯ ಮಹಾಯುದ್ಧಾನಂತರ ವೈದ್ಯವೃತ್ತಿಯು ವಿಶೇಷಜ್ಞತೆಯತ್ತಲೂ ಮಹಾನಗರಗಳತ್ತಲೂ ವಾಲಿ, ಹಳ್ಳಿಗಳಲ್ಲಿ ನಿವೃತ್ತರಾದ ವೃದ್ಧವೈದ್ಯರ ಸ್ಥಾನಕ್ಕೆ ಬರುವವರೇ ಇಲ್ಲದಂತಾದಾಗ, ಸೆನೆಟರ್ ವಾರೆನ್ ಮ್ಯಾಗ್ನುಸನ್ನರ ಪ್ರಯತ್ನದಿಂದ ಸಿದ್ಧವಾದ ತುರ್ತು ಆರೋಗ್ಯ ಸಿಬ್ಬಂದಿ ಅಧಿನಿಯಮಕ್ಕೆ ಅಧ್ಯಕ್ಷ ನಿಕ್ಸನ್ 1970ರ ಡಿಸೆಂಬರ್ 31ರಂದು ಅಂಕಿತ ಹಾಕಿದುದೇ ಇದರ ಮೂಲ.

ಆರಂಭದಲ್ಲಿ ದಳದವರು ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯ ನೌಕರರಾಗಿದ್ದರು. ಕಾಲಕ್ರಮದಲ್ಲಿ ಬಹುಮಂದಿ ತಾವು ದುಡಿಯುವ ಸ್ಥಳೀಯ ಚಿಕಿತ್ಸಾಲಯಗಳಿಂದಲೇ ವೇತನ ಪಡೆಯತೊಡಗಿದರು. ವ್ಯವಸ್ಥೆಯ ಜೀವಾಳವಿರುವುದು ಋಣವಿಮೋಚನೆಯ ತತ್ತ್ವದಲ್ಲಿ. 1972ರ ತಿದ್ದುಪಡಿಯಿಂದ ಬಂದ ವಿದ್ಯಾರ್ಥಿವೇತನವನ್ನು ಪಡೆದವನು ನೆರವು ಪಡೆದ ಪ್ರತಿವರ್ಷಕ್ಕೂ ಒಂದು ವರ್ಷದಂತೆ, ಕನಿಷ್ಠ 2 ವರ್ಷ, ಅಭಾವಪ್ರದೇಶದಲ್ಲಿ ಸೇವೆ ಸಲ್ಲಿಸತಕ್ಕದ್ದು. 1987ರಲ್ಲಿ ಸೇರಿದ ಸಾಲತೀರುವೆ ಯೋಜನೆಯಾದರೋ, ಶಿಕ್ಷಣ ಮುಗಿಸಿದವರ ಸಾಲಭಾರವನ್ನು ಸೇವೆಗೆ ಪ್ರತಿಯಾಗಿ ಇಳಿಸುವಂಥದು. ಸಾಮಾನ್ಯವಾಗಿ 3,500 ಜನರಿಗೆ ಒಬ್ಬ ಪ್ರಾಥಮಿಕ ಚಿಕಿತ್ಸಾ ವೈದ್ಯನೂ ದೊರೆಯದ ಪ್ರದೇಶ ಅಭಾವಪ್ರದೇಶವೆನಿಸುತ್ತದೆ. ಬಡತನವೇ ಮೊದಲಾದ ಕಾರಣಗಳಿಂದ ಅಗತ್ಯ ತೀವ್ರವಾಗಿರುವಲ್ಲಿ ಈ ಮಿತಿ 3,000.

1980ರ ದಶಕದಲ್ಲಿ ಅನುದಾನ ಕುಗ್ಗಿ ದಳ ಬಹುಮಟ್ಟಿಗೆ ಕ್ಷೀಣಿಸಿತು. 1990ರ ಶಾಸನ ಅದಕ್ಕೆ ಪುನಶ್ಚೇತನ ನೀಡಿತು. 2010ರ ಆರೋಗ್ಯಸುಧಾರಣಾ ಶಾಸನವು ದಳಕ್ಕೆ ನಿಧಿಯನ್ನು ಒದಗಿಸಿತು. ಸೇವಾವಧಿ ತೀರಿದ ಮೇಲೂ ವೈದ್ಯನು ಆ ಊರಿನಲ್ಲಿಯೇ ನೆಲೆಸುವನೇ ಎಂಬುದು ಯೋಜನೆಯ ನಿಜವಾದ ಒರೆಗಲ್ಲು. ಏಕೆಂದರೆ ರೋಗಿಯ ವಿಶ್ವಾಸ ಎರಡು ವರ್ಷಗಳಲ್ಲಿ ಪಕ್ವವಾಗುವುದು ವಿರಳ.