ಆಟದ ಎಂಜಿನ್ನಿನ ಜೀರ್ಣೋದ್ಧಾರ

ಎಂಬತ್ತು ತೊಂಬತ್ತು ವರ್ಷಗಳ ಹಿಂದಣ ಆಟದ ರೈಲು ಎಂಜಿನ್ನು ಸಾಂಗವಾಗಿ ಉಳಿದು ಕೈಸೇರುವುದು ಅಪರೂಪ. ಮೊದಲು ಕಳೆದುಹೋಗುವುದು ಕೀಲಿಕೈ. ಅನಂತರ ಕಲ್ಲಿದ್ದಲಿನ ಟೆಂಡರು ಅಣ್ಣತಮ್ಮಂದಿರ ಪಾಲಿನಲ್ಲಿ ಬೇರೆ ಮನೆ ಸೇರುವುದು. ಮುಂಭಾಗದ ಬಫರುಗಳು ಗೋಡೆಗೆ ಢಿಕ್ಕಿ ಹೊಡೆದು ಉದುರುವುವು. ಚಕ್ರದಿಂದ ಚಕ್ರಕ್ಕೆ ಹಾಯ್ದ ಸರಳಿನ ಪುಟ್ಟ ತಿರುಪು ರತ್ನಗಂಬಳಿಯ ಎಳೆಗಳಲ್ಲಿ ಹುದುಗಿ ಮರೆಯಾಗುವುದು. ಇಂತಹ ಅಂಗಹೀನ ಎಂಜಿನ್ನೊಂದನ್ನು ಮೇಜಿನ ಮೇಲಿರಿಸಿಕೊಂಡು ಇಲ್ಲದ ಭಾಗಗಳ ಪಟ್ಟಿ ಬರೆಯಲು ಕುಳಿತವನು ಬಲುಬೇಗ ಒಂದು ಕೈಗಾರಿಕೆಯ ಚರಿತ್ರೆಯನ್ನೇ ಕೆದಕಬೇಕಾಗುತ್ತದೆ. ಏಕೆಂದರೆ ಯಾವ ಭಾಗವಿಲ್ಲ, ಏಕಿಲ್ಲ, ಅದಕ್ಕೆ ಬದಲು ಎಲ್ಲಿ ದೊರೆತೀತು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಅದನ್ನು ತಯಾರಿಸಿದ ಕಾರ್ಖಾನೆಯ ಏಳುಬೀಳುಗಳಲ್ಲಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತಯಾರಾದ ಹಾರ್ನ್‌ಬಿ ಎಂಜಿನ್ನುಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಬಿಡಿಭಾಗವೆಂಬ ಕಲ್ಪನೆಯೇ ಆಟಿಕೆಯ ಲೋಕಕ್ಕೆ ತಡವಾಗಿ ಬಂದುದು. ಜರ್ಮನಿಯ ಗೊಪ್ಪಿಂಗೆನ್ನಿನಲ್ಲಿ 1859ರಲ್ಲಿ ಹುಟ್ಟಿ, ಬೊಂಬೆಮನೆಯ ಅಡಿಗೆಪಾತ್ರೆಗಳನ್ನು ತಗಡಿನಲ್ಲಿ ಮಾಡುತ್ತಿದ್ದ ಮಾರ್ಕ್ಲಿನ್ ಸಂಸ್ಥೆಯವರು, 1891ರ ಲೀಪ್‌ಜಿಗ್ ಜಾತ್ರೆಯಲ್ಲಿ ಕೀಲಿಕೊಟ್ಟು ಓಡಿಸುವ ರೈಲನ್ನೂ ಅದರ ಕಂಬಿಗಳನ್ನೂ ನಿಯತವಾದ ಅಳತೆಗಳಲ್ಲಿ ತಂದು ತೋರಿಸಿದರು. ಅದರಿಂದಾದುದು ಸಣ್ಣ ಬದಲಾವಣೆಯಲ್ಲ. ಈ ವರ್ಷ ಎಂಜಿನ್ನು ಕೊಂಡ ಮನೆಯವರು ಮುಂದಿನ ವರ್ಷ ಗಾಡಿಯನ್ನೂ, ಅದರ ಮುಂದಿನ ವರ್ಷ ನಾಲ್ಕು ಕಂಬಿಗಳನ್ನೂ ಕೊಳ್ಳಬಹುದು, ಕೊಂಡುದು ಹಿಂದಿನದಕ್ಕೆ ಹೊಂದಿಯೇ ಹೊಂದುವುದು ಎಂಬ ಭರವಸೆ ಅಲ್ಲಿಂದ ಮುಂದೆ ವ್ಯಾಪಾರದ ಅಂಗವಾಯಿತು.

ಈ ಭರವಸೆಯನ್ನು ಎಂಜಿನ್ನಿನ ಒಡಲೊಳಕ್ಕೂ ಒಯ್ದವನು ಫ್ರಾಂಕ್ ಹಾರ್ನ್‌ಬಿ. ಮಾಂಸವನ್ನು ಆಮದು ಮಾಡಿಕೊಳ್ಳುತ್ತಿದ್ದ ವರ್ತಕನೊಬ್ಬನ ಬಳಿ ಲೆಕ್ಕಪತ್ರ ನೋಡಿಕೊಂಡಿದ್ದ ಆತ, ತನ್ನ ಮಕ್ಕಳ ಆಟಕ್ಕೆಂದು ಅರ್ಧ ಅಂಗುಲಕ್ಕೊಂದರಂತೆ ತೂತು ಕೊರೆದ ಲೋಹದ ಪಟ್ಟಿಗಳನ್ನು ಮಾಡಿ, 1901ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮುಂದೆ ಮೆಕ್ಯಾನೋ ಎಂದು ಲೋಕಪ್ರಸಿದ್ಧವಾದುದು ಅದೇ. ಮೊದಲ ಮಹಾಯುದ್ಧಕ್ಕೆ ಮುನ್ನ ಇಂಗ್ಲೆಂಡಿನ ಅಂಗಡಿಗಳಲ್ಲಿ ಮೆರೆಯುತ್ತಿದ್ದುದು ನ್ಯೂರೆಂಬರ್ಗಿನ ಬಿಂಗ್ ಮೊದಲಾದ ಜರ್ಮನ್ ಸಂಸ್ಥೆಗಳ ಸರಕು. ಯುದ್ಧ ಮುಗಿದ ಮೇಲೆ ಶತ್ರುದೇಶದ ಆಟಿಕೆಯನ್ನು ಮಗುವಿನ ಕೈಗಿಡಲು ತಾಯಿತಂದೆಗಳ ಮನಸ್ಸು ಒಪ್ಪದಿದ್ದ ಆ ಸಂದರ್ಭದಲ್ಲಿ, 1920ರಲ್ಲಿ, ಹಾರ್ನ್‌ಬಿಯ ರೈಲು ಪೇಟೆಗೆ ಬಂದಿತು. ಮೆಕ್ಯಾನೋ ಕ್ರಮದಲ್ಲಿಯೇ ನಟ್ಟು ಬೋಲ್ಟುಗಳಿಂದ ಜೋಡಿಸಿದ್ದ ಆ ಎಂಜಿನ್ನನ್ನು ಹುಡುಗನು ತಾನೇ ಬಿಚ್ಚಿ ತಾನೇ ಕೂಡಿಸಬಹುದಾಗಿತ್ತು. ಬಿಚ್ಚಿದ ಹುಡುಗರೆಲ್ಲರೂ ಮರಳಿ ಕೂಡಿಸಿದರೆಂದು ನಂಬುವುದು ಕಷ್ಟ. ಆದರೂ ಜೀರ್ಣೋದ್ಧಾರ ಮಾಡುವವನಿಗೆ ಇವುಗಳಷ್ಟು ಸರಳವಾದ ಎಂಜಿನ್ನುಗಳು ಬೇರಿಲ್ಲ.

ಅಗ್ಗವಾಗಿ, ಬೇಗನೆ ತಯಾರಿಸಬೇಕೆಂಬ ಒತ್ತಡಕ್ಕೆ ಮಣಿದು ಕಾರ್ಖಾನೆಯು ಕ್ರಮೇಣ ನಟ್ಟು ಬೋಲ್ಟುಗಳನ್ನು ಕೈಬಿಟ್ಟಿತು. ಒಂದು ತಗಡಿನ ಅಂಚಿನಲ್ಲಿ ಸಣ್ಣ ನಾಲಗೆ, ಇನ್ನೊಂದರಲ್ಲಿ ಅದಕ್ಕೊಪ್ಪುವ ಸೀಳು; ತೂರಿಸಿ ಮಡಿಸಿದರೆ ಜೋಡಣೆ ಮುಗಿಯಿತು. ಕಾರ್ಖಾನೆಯ ಕೈ ಅದನ್ನು ಒಮ್ಮೆ ಮಡಿಸಿದೆ. ನಾವು ಎಂಜಿನ್ನನ್ನು ಬಿಚ್ಚುವಾಗ ನೆಟ್ಟಗೆ ಮಾಡಿ, ಕೂಡಿಸುವಾಗ ಮತ್ತೆ ಮಡಿಸಬೇಕು. ಅಷ್ಟರೊಳಗೆ ಮಡಿಕೆಯ ಗೆರೆಯ ಮೇಲೆ ಬಣ್ಣ ಸಿಡಿದು, ಬಿಳಿಯ ಕೂದಲೆಳೆಯಂತಹ ಬಿರುಕು ಕಾಣಿಸಿಕೊಳ್ಳುತ್ತದೆ. ಇನ್ನೊಮ್ಮೆ ಬಗ್ಗಿಸಿದರೆ ನಾಲಗೆ ಕಿತ್ತು ಅಂಗೈಗೆ ಬೀಳುತ್ತದೆ. ಮುರಿದ ನಾಲಗೆಗೆ ಅಂಗಡಿಯಲ್ಲಿ ಬದಲಿಯಿಲ್ಲ. ಒಳಮೈಗೆ ತಗಡಿನ ಚೂರೊಂದನ್ನು ಬೆಸುಗೆ ಹಾಕಬೇಕು, ಅದೂ ಹೊರಗಿನ ಬಣ್ಣ ಬೇಯದಂತೆ.

ಇಲ್ಲಿಯವರೆಗಿನ ನಷ್ಟಕ್ಕೆ ಮಕ್ಕಳನ್ನೋ ರಿಪೇರಿಗಾರನನ್ನೋ ದೂರಬಹುದು. ಆದರೆ ಯಾರೂ ಮುಟ್ಟದೆ ಪೆಟ್ಟಿಗೆಯಲ್ಲಿಯೇ ಇದ್ದ ಎಂಜಿನ್ನಿನ ಚಕ್ರಗಳೂ ಪುಡಿಯಾಗಿರುವುದುಂಟು. ಇದು ಲೋಹದ ಒಳರೋಗ. ಚಕ್ರಗಳನ್ನು ಎರೆದುದು ಮ್ಯಾಝಾಕ್ ಎಂಬ ಸತುವಿನ ಮಿಶ್ರಲೋಹದಲ್ಲಿ. ಈ ಮಿಶ್ರಣಕ್ಕೆ ನೂರಕ್ಕೆ 99.99 ಪಾಲು ಶುದ್ಧವಾದ ಸತುವೇ ಬೇಕು. ಎರಕದ ಮನೆಯಲ್ಲಿ ಸೀಸದ ಚೂರೊಂದು ಕರಗುಪಾತ್ರೆಗೆ ಬಿದ್ದರೂ, ಆ ಸೀಸವು ಲೋಹದ ಹರಳುಗಳ ನಡುವಣ ಸಂದುಗಳಲ್ಲಿ ಕುಳಿತು, ಗಾಳಿಯ ತೇವವನ್ನು ಒಳಕ್ಕೆ ಬರಮಾಡಿಕೊಂಡು, ವರ್ಷಗಳ ಕಾಲ ನಿಧಾನವಾಗಿ ಕೊರೆಯುತ್ತ ಹೋಗುತ್ತದೆ. ಚಕ್ರ ಮೊದಲು ಊದಿಕೊಂಡು ಪಕ್ಕದ ತಗಡಿಗೆ ತಾಗಿ ನಿಲ್ಲುವುದು. ಬಳಿಕ ಅರಗಳು ಬಿರಿಯುವುವು. ಕಡೆಗೆ ಬೆರಳ ಸೋಂಕಿಗೇ ಹೊರಬಳೆಯು ತುಂಡುತುಂಡಾಗಿ ಕಳಚುವುದು. 1938ರಲ್ಲಿ ಹೊರಬಂದ ಡಬ್ಲೋ ಎಂಬ ಪುಟ್ಟ ಗಾತ್ರದ ರೈಲುಗಳ ಯುದ್ಧಪೂರ್ವದ ಎರಕಗಳಿಗೂ ಈ ಪೀಡೆ ತಪ್ಪಲಿಲ್ಲ. ಇದಕ್ಕೆ ಔಷಧವಿಲ್ಲ, ಹಳೆಯ ಚಕ್ರವನ್ನು ಕೀಳುಸಾಧನದಿಂದ ಆಕ್ಸಲ್ಲಿಗೆ ನೋವಾಗದಂತೆ ಹೊರತೆಗೆದು, ಶುದ್ಧ ಲೋಹದಲ್ಲಿ ಎರೆದ ಹೊಸದನ್ನು ಕೂರಿಸುವುದೊಂದೇ ದಾರಿ. ಚಕ್ರ ಬದಲಿಸಿದುದನ್ನು ಅಪಚಾರವೆಂದು ಬಗೆಯುವ ಶುದ್ಧವಾದಿಗಳೂ ಇದ್ದಾರೆ. ನಿಲ್ಲಲಾರದ ಎಂಜಿನ್ನು ಅವರಿಗೆ ಏನು ಸುಖ ಕೊಡುವುದೋ ನಾನರಿಯೆ.

ಹೊಸ ಭಾಗಗಳು ಎಲ್ಲಿಂದ ಬರಬೇಕು? ಕಾರ್ಖಾನೆ ಬದುಕಿದ್ದಾಗ, ಕೆಟ್ಟ ಎಂಜಿನ್ನನ್ನು ಬಿನ್ಸ್ ರಸ್ತೆಯಲ್ಲಿದ್ದ ಅದರ ವಿಳಾಸಕ್ಕೆ ಕಳುಹಿಸಿದರೆ ರಿಪೇರಿಯಾಗಿ ಬರುತ್ತಿದ್ದಿತು. 1964ರಲ್ಲಿ ಸಂಸ್ಥೆಯು ಲೈನ್ಸ್ ಸೋದರರೆಂಬ ಆಟಿಕೆ ತಯಾರಕರ ವಶವಾಯಿತು. 1979ರಲ್ಲಿ ಬಿನ್ಸ್ ರಸ್ತೆಯ ಬಾಗಿಲೇ ಮುಚ್ಚಿತು. ಅದಕ್ಕೂ ಹತ್ತು ವರ್ಷ ಮೊದಲೇ, 1969ರಲ್ಲಿ, ಹಾರ್ನ್‌ಬಿ ಸಂಗ್ರಾಹಕರು ಸಂಘ ಕಟ್ಟಿಕೊಂಡಿದ್ದರು. ಇಂತಹವರ ಬೇಡಿಕೆಯನ್ನು ನಂಬಿ ಇಂಗ್ಲೆಂಡಿನಲ್ಲಿ ಕಿರುಗೈಗಾರಿಕೆಯೊಂದು ಬೆಳೆಯಿತು. ಮನೆಯ ಹಿಂದಣ ಕೊಠಡಿಯಲ್ಲಿ ಒಬ್ಬ ಬಫರನ್ನೂ ಹೊಗೆಕೊಳವೆಯನ್ನೂ ಎರೆಯುತ್ತಾನೆ, ಇನ್ನೊಬ್ಬ ಸ್ಪ್ರಿಂಗನ್ನು ಸುತ್ತುತ್ತಾನೆ, ಮತ್ತೊಬ್ಬ ಟೆಂಡರಿನ ಮೇಲಣ ಅಕ್ಷರಗಳನ್ನು ಅಂಟಿಸಲು ಬರುವಂತೆ ಮುದ್ರಿಸುತ್ತಾನೆ.

ಈ ಎರಕದ ಭಾಗಗಳಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಹಳೆಯ ಅಸಲು ಭಾಗವನ್ನೇ ಮಾದರಿಯಾಗಿಟ್ಟು ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಲೋಹವನ್ನೆರೆದರೆ, ಆರುವಾಗ ಲೋಹವು ಕುಗ್ಗಿ ನಕಲು ಅಸಲಿಗಿಂತ ಕೊಂಚ ಕಿರಿದಾಗುತ್ತದೆ. ನಕಲಿನ ನಕಲು ಇನ್ನೂ ಕಿರಿದು. ಅಳೆಗೋಲಿನಿಂದ ಹೊಗೆಕೊಳವೆಯ ಎತ್ತರ ನೋಡಿ ಅದರ ವಂಶಾವಳಿ ಹೇಳಬಲ್ಲ ಹಳಬರಿದ್ದಾರೆ.

ಟೆಂಡರನ್ನು ಹುಡುಕುವಾಗ ಇತಿಹಾಸಜ್ಞಾನ ಇನ್ನಷ್ಟು ಬೇಕು. 1923ರಲ್ಲಿ ಬ್ರಿಟನ್ನಿನ ರೈಲ್ವೆ ಕಂಪನಿಗಳು ನಾಲ್ಕು ದೊಡ್ಡ ಸಂಸ್ಥೆಗಳಾಗಿ ಒಗ್ಗೂಡಿದುವು. ಆಟದ ಎಂಜಿನ್ನುಗಳೂ ಆ ಕಂಪನಿಗಳ ಬಣ್ಣವನ್ನೇ ತೊಟ್ಟುವು. ಆ ನಾಲ್ಕರಲ್ಲಿ ಒಂದಾದ ಎಲ್.ಎಂ.ಎಸ್. ಎಂಜಿನ್ನಿನ ಕಡುಗೆಂಪಿಗೆ ಇನ್ನೊಂದಾದ ಎಲ್.ಎನ್.ಇ.ಆರ್. ಹಸಿರು ಟೆಂಡರನ್ನು ಕಟ್ಟಿದರೆ ಅದು ಸಲ್ಲದ ಸಂಬಂಧ. ಕೆಂಪಿಗೆ ಕೆಂಪು ದೊರೆತರೂ, ಒಂದು ಮನೆಯ ಬಿಸಿಲಿನಲ್ಲಿ ಮಾಸಿದ ಕೆಂಪು ಇನ್ನೊಂದು ಮನೆಯ ಕತ್ತಲಲ್ಲಿ ಉಳಿದ ಕೆಂಪಿಗೆ ಹೊಂದುವುದು ದುರ್ಲಭ. ಆಗ ಎರಡಕ್ಕೂ ಹೊಸ ಬಣ್ಣ ಬಳಿಯುವ ಆಸೆ ಹುಟ್ಟುತ್ತದೆ. ಅದನ್ನು ಅದುಮಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಭಾಗವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಕುಲುಮೆಯಲ್ಲಿ ಕಾಯಿಸಿ ಹಚ್ಚಿದ ಆ ಎನಾಮಲ್ಲನ್ನು ಒಮ್ಮೆ ಕೆರೆದ ಮೇಲೆ ಮರಳಿ ತರಲಾಗದು.

ಎರಡು ಮುರುಕು ಎಂಜಿನ್ನುಗಳಿಂದ ಒಂದು ಗಟ್ಟಿ ಎಂಜಿನ್ನನ್ನು ಕಟ್ಟುವ ಪದ್ಧತಿಯೂ ಹಳೆಯದೇ. ಅದರಲ್ಲಿ ತಪ್ಪೇನಿಲ್ಲ, ಕಟ್ಟಿದವನು ಅದನ್ನು ಅಸಲೆಂದು ಮಾರಹೊರಟಾಗ ಮಾತ್ರ ಅದು ವಂಚನೆಯಾಗುವುದು. ಹೊಸ ಭಾಗದ ಒಳಮೈಗೆ ಸಣ್ಣ ಗುರುತು ಕೊರೆಯುವ ಪ್ರಾಮಾಣಿಕರೂ ಇದ್ದಾರೆ, ಕೊರೆಯದವರೂ ಇದ್ದಾರೆ. ಆದುದರಿಂದ ಕೊಳ್ಳುವವನು ಹಣ ಎಣಿಸುವ ಮುನ್ನ ಎಂಜಿನ್ನನ್ನು ಬೋರಲು ಹಾಕಿ, ತಗಡಿನ ನಾಲಗೆಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.