ಛೋಟಾ ಭೀಮ ಗೊತ್ತು, ನಮ್ಮ ಭೀಮ?



ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ. ಭೂಮಿ, ಮೀಸಲಾತಿ, ದೌರ್ಜನ್ಯ ಕಾಯ್ದೆ ಬಗ್ಗೆ ನಾವು ಬರೀತೀವಿ, ಬರೀಲೇಬೇಕು. ಆದರೆ ನಮ್ಮ ಕೇರಿಯ ಕೂಸು ಮೊಟ್ಟಮೊದಲು ಕೈಯಾಗ ಹಿಡಿಯೋ ಪುಸ್ತಕದಾಗ ಯಾರ ಚಿತ್ರ ಇರತೈತಿ? ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಇವತ್ತು ಅದರ ಇತಿಹಾಸ.

ಕಚೇರಿ ಕೆಲಸ, ಸಂಘಟನೆ ಕೆಲಸ ಅಂತ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಡ್ಡಾಡ್ತಿರ್ತೀನಿ. ನಾಲ್ಕೂ ಕಡೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಾಗ ಅಂಕಲಿಪಿ, ಬಣ್ಣ ತುಂಬೋ ಪುಸ್ತಕ ತೂಗುಹಾಕಿರ್ತಾರ. ರಟ್ಟಿನ ಮೇಲೆ ಛೋಟಾ ಭೀಮ್, ಡೋರೇಮಾನ್, ಮಿಕ್ಕಿ ಮೌಸ್. ಟಿವಿಯಾಗ ನೋಡಿದ ಮುಖ ಕಂಡ್ರ ಕೂಸು ಕೈ ಚಾಚತೈತಿ. ಇದರಾಗ ತಪ್ಪೇನಿಲ್ಲ. ಅಕ್ಷರ ಬರೋಕಿಂತ ಮೊದಲು ಮಗು ಓದೋದು ಚಿತ್ರವನ್ನೇ. ಗುರುತಿನ ಮುಖ ಸಿಕ್ಕರೆ ಪುಟ ತಿರುವುತ್ತದೆ, ಕೆಳಗೆ ಏನು ಬರೆದೈತಿ ಅಂತ ಕೇಳುತ್ತದೆ. ಅವ್ವ ಅಪ್ಪ ಕಬ್ಬು ಕಡಿಯಾಕ ಹೋದ ಮನೆಯಾಗ, ಓದಿ ಹೇಳೋರು ಯಾರೂ ಇಲ್ಲದ ಮನೆಯಾಗ, ಆ ಚಿತ್ರವೇ ಮಾಸ್ತರ.

ಈ ಮಾತು ಬೇರೆ ದೇಶದವರಿಗೂ ತಿಳಿದದ್ದು ತಡವಾಗಿಯೇ. 1954ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಜಾನ್ ಹರ್ಸಿ ಎಂಬ ಲೇಖಕ, ಸಾಲಿ ಪುಸ್ತಕ ಸಪ್ಪೆ ಇರೋದಕ್ಕೇ ಮಕ್ಕಳಿಗೆ ಓದು ಹತ್ತುತ್ತಿಲ್ಲ ಎಂದು ಬರೆದ. ಅದರ ಬೆನ್ನಿಗೆ 1957ರಲ್ಲಿ ಡಾ. ಸ್ಯೂಸ್ ಬರೆದ ಟೋಪಿ ಹಾಕಿದ ಬೆಕ್ಕಿನ ಪುಸ್ತಕ ಬಂತು. ಇಡೀ ಪುಸ್ತಕದಾಗ ಬಳಸಿದ್ದು ಬರೇ 236 ಬೇರೆ ಬೇರೆ ಪದ. ಆ ಬೆಕ್ಕಿನ ಕೈ ಹಿಡಿದು ಲಕ್ಷಾಂತರ ಮಕ್ಕಳು ಓದು ಕಲಿತರು.

ಆದರೆ ಅದೇ ದೇಶದಾಗ ಇನ್ನೊಂದು ಪ್ರಶ್ನೆ ಎದ್ದಿತು: ಪುಸ್ತಕದಾಗ ಇರೋ ಮಗು ಯಾರದು? 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣ ತಜ್ಞೆ, ಮೂರು ವರ್ಷದಾಗ ಬಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ಹಾಕಿದಳು. ಅದರಾಗ ಒಬ್ಬರಾದರೂ ಕಪ್ಪು ಜನ ಕಾಣಿಸಿದ್ದು 349 ಪುಸ್ತಕದಾಗ ಮಾತ್ರ, ನೂರಕ್ಕೆ 6.7. ಕಪ್ಪು ಮಗು ಪುಸ್ತಕ ತೆರೆದರೆ ತಾನೇ ಅಲ್ಲಿಲ್ಲ. ಬಿಳಿ ಮಗುವಿಗೂ ಇದರಿಂದ ಕೇಡೇ, ಜಗತ್ತೆಲ್ಲ ತನ್ನದೇ ಅಂತ ಅದು ಕಲಿಯುತ್ತದೆ ಅಂತ ಆಕೆ ಹೇಳಿದಳು. ಅವರ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿಯೇ 1972ರಲ್ಲಿ ಮುಂಬೈಯಾಗ ದಲಿತ ಪ್ಯಾಂಥರ್ಸ್ ಹುಟ್ಟಿತು. ಹೋರಾಟದ ಹೆಸರು ತಂದೆವು, ಈ ಲೆಕ್ಕ ಹಾಕೋದು ಮಾತ್ರ ಅಲ್ಲೇ ಬಿಟ್ಟು ಬಂದೆವು.

ಈಗ ನಮ್ಮ ಕಡೆ ಬರೋಣ. ಅದೇ 1965ರ ಸುಮಾರಿಗೆ ಬೆಂಗಳೂರಿನಾಗ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು ಕನ್ನಡದಲ್ಲಿ ಚಿತ್ರಕಥೆ ತರಬೇಕು ಅಂದರು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ! ಇದು ಬಹಳ ಮಂದಿಗೆ ಗೊತ್ತಿಲ್ಲ. ಆದರೆ ಕಥೆ ಯಾರದು? ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೋ. ಅಕ್ಷರ ನಮ್ಮದು, ರಾಜಕುಮಾರಿ ಪರದೇಶದಾಕಿ.

1967ರಲ್ಲಿ ಕಾರ್ಕಳ ಮೂಲದ ಅನಂತ ಪೈ ಅವರು ಟಿವಿಯಾಗ ಒಂದು ಕ್ವಿಜ್ ನೋಡಿದರು. ಮಕ್ಕಳಿಗೆ ಗ್ರೀಕ್ ಪುರಾಣ ಗೊತ್ತಿತ್ತು, ರಾಮನ ತಾಯಿ ಹೆಸರು ಗೊತ್ತಿರಲಿಲ್ಲ. ಅದು ಅವರ ಮನಸ್ಸಿಗೆ ಚುಚ್ಚಿತು. ಹತ್ತು ಪರದೇಶಿ ಕಥೆ ಆದಮೇಲೆ 11ನೇದಾಗಿ ಬಂದವನು ಕೃಷ್ಣ. ಮುಂದೆ ನೂರಾರು ಪುಸ್ತಕ ಬಂದವು, ಹಲವು ಭಾಷೆಗೆ ಹೋದವು. ದೇವರು, ರಾಜರು, ಋಷಿಗಳು. ನಾಯಕ ಎಣ್ಣೆ ಹಚ್ಚಿದಂಗ ಹೊಳೀತಾನ. ರಾಕ್ಷಸ ಅಂದ್ರ ಕಪ್ಪು ಮೈ, ದಪ್ಪ ತುಟಿ, ಕೆದರಿದ ಕೂದಲು. ಓದು ಬಾರದ ಮಗುವಿಗೂ ಇಷ್ಟು ತಿಳಿಯುತ್ತದೆ: ನಮ್ಮಪ್ಪನಂಗ ಕಾಣೋನು ಕೆಟ್ಟವನು.

ಬಾಬಾಸಾಹೇಬರ ಚಿತ್ರಕಥೆ ಆ ಮಾಲೆಯಲ್ಲಿ ಬಂದದ್ದು 1979ರಲ್ಲಿ. ಚೋಖಾಮೇಳಾ ಬಂದದ್ದು 1983ರಲ್ಲಿ. ನೂರಾರರಲ್ಲಿ ನಮ್ಮವರ ಹೆಸರು ಬೆರಳಿನ ಮೇಲೆ ಎಣಿಸಬೇಕು. ಚೋಖಾಮೇಳಾ ಬದುಕಿದ ಮಂಗಳವೇಢೆ ಇಂಡಿಯಿಂದ ಏನು ದೂರ? ಗೋಡೆ ಕುಸಿದು ಅವರು ಸತ್ತದ್ದೂ ಅಲ್ಲೇ ಅಂತ ಹೇಳ್ತಾರ. ಪ್ರತಿ ಆಷಾಢಕ್ಕೆ ನಮ್ಮ ಭಾಗದ ಮಂದಿ ಪಂಢರಪುರಕ್ಕೆ ಹೋಗಿ ಬರ್ತಾರ. ಆ ಗೋಡೆಯ ಕಥೆ ಎಷ್ಟು ಮಕ್ಕಳಿಗೆ ಗೊತ್ತು?

ಅಂಕಲಿಪಿಯನ್ನೂ ಬಿಚ್ಚಿ ನೋಡ್ರಿ. ಋ ಅಂದ್ರ ಋಷಿ. ಯ ಅಂದ್ರ ಯಜ್ಞ. ಕ್ಷ ಅಂದ್ರ ಕ್ಷತ್ರಿಯ. ಹ ಅಂದ್ರ ಹಂಸ. ಹಂಸ ನಮ್ಮ ಹಳ್ಯಾಗ ಯಾರು ನೋಡ್ಯಾರ? ‘ಹಲಗಿ’ ಅಂತ ಯಾಕ ಬರೀಬಾರದು? ಸತ್ರೂ ಹಲಗಿ, ಜಾತ್ರೆಗೂ ಹಲಗಿ ಬೇಕು. ಪುಸ್ತಕದಾಗ ಮಾತ್ರ ಬ್ಯಾಡ.

ನನ್ನ ವಯಸ್ಸಿನವರಿಗೆ ಬಾಲಮಂಗಳದ ಡಿಂಗ ನೆನಪಿರಬೇಕು. ಕೇರಳದ ಡಿಂಕನ್ ಕನ್ನಡದಾಗ ಡಿಂಗ ಆದ. ಆತ ಇಲಿ. ಇಲಿಗೆ ಜಾತಿ ಇಲ್ಲ, ಅದಕ್ಕೇ ಇರಬೇಕು ನಮಗೂ ಆತ ನಮ್ಮವನೇ ಅನಿಸಿದ್ದ. ಹರಿದ ಸಂಚಿಕೆ ಒಬ್ಬರ ಕೈಯಿಂದ ಒಬ್ಬರಿಗೆ ಹೋಗಿ ನಮ್ಮ ಓಣಿಯಾಗ ಎಷ್ಟೋ ಹುಡುಗರು ಓದು ಕಲಿತರು.

2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯ ಛೋಟಾ ಭೀಮ್ ಪೋಗೋ ಚಾನೆಲ್ಲಿಗೆ ಬಂದ. ಭಾರತದ್ದೇ ಗೊಂಬೆ, ಒಳ್ಳೇದು. ಆದರೆ ಅಲ್ಲಿ ಭೀಮನ ಕೂಡ ಯಾವಾಗಲೂ ಜಗಳ ತೆಗೆದು ಸೋಲೋ ಹುಡುಗನ ಹೆಸರು ಏನು? ಕಾಲಿಯಾ. ಕನ್ನಡದಾಗ ಹೇಳಬೇಕಂದ್ರ ಕರಿಯ. ಕರಿಯಪ್ಪ, ಕರೆಪ್ಪ, ಕರೆವ್ವ, ಇವು ನಮ್ಮ ಮನೆತನದಾಗ ಮುತ್ತಜ್ಜನ ಕಾಲದಿಂದ ಇಟ್ಟುಕೊಂಡು ಬಂದ ಹೆಸರು. ಸಿಂದಗಿ ಕಡೆ ಒಂದು ಕೇರಿಯಾಗ ಏಪ್ರಿಲ್ 14ರ ಬ್ಯಾನರ್ ಕಟ್ಟುವಾಗ ಸಣ್ಣ ಹುಡುಗನೊಬ್ಬ ಬಾಬಾಸಾಹೇಬರ ಫೋಟೋ ನೋಡಿ ಕೇಳಿದ: “ಕಾಕಾ, ಇವರು ಛೋಟಾ ಭೀಮ್ ದೊಡ್ಡಾವ ಆದಮ್ಯಾಲೆ ತೆಗೆದ ಫೋಟೋ ಏನ್ರಿ?” ಎಲ್ಲರೂ ನಕ್ಕೆವು. ಆದರೆ ಹುಡುಗನ ಪ್ರಶ್ನೆಯಾಗ ಏನು ತಪ್ಪೈತಿ? ಆತನಿಗೆ ಗೊತ್ತಿದ್ದ ಭೀಮ ಅವನೊಬ್ಬನೇ.

ಯಾರೂ ಏನೂ ಮಾಡಿಲ್ಲ ಅಂತಲ್ಲ. 2008ರಲ್ಲಿ ಹೈದರಾಬಾದಿನ ಅನ್ವೇಷಿ ಸಂಸ್ಥೆಯವರು ದಲಿತ, ಮುಸ್ಲಿಂ ಮಕ್ಕಳ ಬದುಕಿನ ಕಥೆಗಳನ್ನು ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ಚಿತ್ರದ ಸಮೇತ ತಂದರು. 2011ರಲ್ಲಿ ‘ಭೀಮಾಯಣ’ ಬಂತು. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಬಾಬಾಸಾಹೇಬರ ಕಥೆ ಬಿಡಿಸಿದರು. ಅದರಾಗ ಒಳ್ಳೆಯವರ ಮಾತು ಹಕ್ಕಿಯ ಆಕಾರದಾಗ ಬರತೈತಿ. ಜಾತಿವಾದಿಯ ಮಾತಿಗೆ ಚೇಳಿನ ಕೊಂಡಿ! ಕನ್ನಡದಲ್ಲಿ ಎಚ್.ಎಸ್. ಬ್ಯಾಕೋಡ ಅವರ ಮಕ್ಕಳ ಕಾದಂಬರಿ ‘ನಾನೂ ಅಂಬೇಡ್ಕರ್’ಗೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಿಕ್ಕಿತು. ಹೆಮ್ಮೆ ಐತಿ. ಆದರೆ ಭೀಮಾಯಣ, ಕಾದಂಬರಿ ಇವೆಲ್ಲ ಓದು ಬಂದವರಿಗೆ. ನಾನು ಕೇಳ್ತಿರೋದು ಒಂದನೇತ್ತೆ, ಎರಡನೇತ್ತೆ ಕೂಸಿನ ಬಗ್ಗೆ. ಪುಟಕ್ಕೆ ಮೂರು ನಾಲ್ಕು ಪದ, ದೊಡ್ಡ ಅಕ್ಷರ, ದೊಡ್ಡ ಚಿತ್ರ.

1901ರಲ್ಲಿ ಸಣ್ಣ ಭೀಮರಾವ್ ಅಪ್ಪನನ್ನು ನೋಡಾಕ ಕೋರೆಗಾಂವಕ್ಕೆ ಹೊಂಟಿದ್ದು ಸಾಕು ಒಂದು ಪುಸ್ತಕಕ್ಕೆ. ಭೀಮ ರೈಲು ಇಳಿದ. ಅಪ್ಪ ಬಂದಿಲ್ಲ. ಬಂಡಿ ಸಿಕ್ಕಿತು. ಬುತ್ತಿ ಐತಿ. ನೀರಿಲ್ಲ. ಭೀಮನಿಗೆ ನೀರು ಯಾರು ಕೊಡ್ತಾರ? ಇಷ್ಟೇ. ಇದನ್ನು ಓದಾಕ ಬಂದ ಮಗು ಮುಂದಿನ ಪುಟ ತಾನೇ ತಿರುವುತೈತಿ. ಬಸವಣ್ಣ ಹುಟ್ಟಿದ ತಾಲ್ಲೂಕು ನಮ್ಮದು. ಹರಳಯ್ಯನ ಚಮ್ಮಾವುಗೆ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಇವರಿಗೂ ಒಂದೊಂದು ಪುಸ್ತಕ ಆಗಬೇಕು.

ರೊಕ್ಕ ಎಲ್ಲಿಂದ ಅಂತೀರಿ? ನಾನು ಕ್ಲರ್ಕ್, ಕಾಗದದ ಮಾತು ಹೇಳ್ತೀನಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದೂ 1965ರಲ್ಲೇ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ಗ್ರಂಥಾಲಯ ಕರ ಅಂತ ಐತಿ. ಅದನ್ನ ಕೇರಿಯ ಮನೆಯವರೂ ಕಟ್ಟತಾರ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇದು ಒಳ್ಳೆ ಕೆಲಸ, ಹೊಗಳೋಣ. ಆದರೆ ಕಪಾಟಿನಾಗ ಏನು ಇಡಬೇಕು ಅನ್ನೋದು ನಾವು ಕೇಳದಿದ್ದರ ಯಾರು ಕೇಳ್ತಾರ?

ಈ ವಾರ ನಿಮ್ಮ ಊರ ಅರಿವು ಕೇಂದ್ರಕ್ಕೆ ಹೋಗ್ರಿ. ಮಕ್ಕಳ ಚಿತ್ರಪುಸ್ತಕ ಎಷ್ಟು, ಅದರಾಗ ಕೇರಿಯ ಮಗು ಇರೋದು ಎಷ್ಟು, ಎಣಿಸಿ ಬರ್ಕೊಳ್ರಿ. ನ್ಯಾನ್ಸಿ ಲ್ಯಾರಿಕ್ ಮಾಡಿದ್ದೂ ಅಷ್ಟೇ. ನಾಲ್ಕು ತಾಲ್ಲೂಕಿನ ಲೆಕ್ಕ ಕೂಡಿಸಿ ಪಿಡಿಒ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ ಮನವಿ ಕೊಡೋಣ. ದೀಪಾವಳಿ ಆಯ್ತಂದ್ರ ನಮ್ಮ ಮಕ್ಕಳು ಅವ್ವ ಅಪ್ಪನ ಕೂಡ ಕಬ್ಬಿನ ಗ್ಯಾಂಗಿಗೆ ಹೋಗಿಬಿಡ್ತಾರ. ಅದಕ್ಕಿಂತ ಮುಂಚೆ ಆಗಬೇಕು.

ರಾಮನ ತಾಯಿ ಹೆಸರು ಮಕ್ಕಳಿಗೆ ಗೊತ್ತಿಲ್ಲ ಅಂತ ಒಬ್ಬರು ನೂರಾರು ಪುಸ್ತಕ ತಂದರು. ಭೀಮರಾಯರ ತಾಯಿ ಹೆಸರು ಭೀಮಾಬಾಯಿ. ಇವತ್ತು ರಾತ್ರಿ ಉಣ್ಣುವಾಗ ನಿಮ್ಮ ಮನೆ ಮಕ್ಕಳಿಗೆ ಕೇಳಿ ನೋಡ್ರಿ.

ಜೈ ಭೀಮ್.