ಬಿಸಿಲಿಗೆ ಮರೆ

ಚಾಮರಾಜನಗರದ ಸಮೀಪದ ಹರದನಹಳ್ಳಿಗೆ ಹೋದವರು ಅಲ್ಲಿನ ದಿವ್ಯಲಿಂಗೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ವಿಜಯನಗರದ ಕಾಲದ ಆ ಕಲ್ಲುಗುಡಿಯೊಳಗೆ ನಡುಹಗಲಿನಲ್ಲೂ ತಂಪು. ಹೊರಗೆ ಮಾತ್ರ ಸುಡುಬಿಸಿಲು. ವರ್ಷಕ್ಕೆ ಎರಡು ಸಲ, ಏಪ್ರಿಲ್ ೨೦ರ ಹಾಗೂ ಆಗಸ್ಟ್ ೨೦ರ ಆಚೀಚೆ, ಸೂರ್ಯನು ಈ ಸೀಮೆಯ ನೆತ್ತಿಯ ಮೇಲೆಯೇ ಬರುತ್ತಾನೆ. ನಿಂತವರ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಇಂಥ ಬಿಸಿಲಿನಲ್ಲಿ ದುಡಿದ ನಮ್ಮ ಹಿರಿಯರು ತಲೆಗೆ ರುಮಾಲು ಸುತ್ತಿದರು, ಸೆರಗು ಹೊದ್ದರು, ಹೊಲದ ಬದುವಿನಲ್ಲಿ ಹೊಂಗೆಯನ್ನು ಉಳಿಸಿಕೊಂಡರು. ಅವರು ಅಂಜಿದ್ದು ಬಿಸಿಲಿನ ಕಾವಿಗೆ. ಕಾವಲ್ಲದ, ಕಣ್ಣಿಗೂ ಕಾಣದ ಇನ್ನೊಂದು ಶಕ್ತಿ ಅದರಲ್ಲಿದೆ ಎಂಬುದು ಲೋಕಕ್ಕೆ ತಿಳಿದದ್ದು ಈಚೆಗೆ.

೧೮೦೧ರಲ್ಲಿ ಜರ್ಮನಿಯ ರಿಟರ್ ಎಂಬ ವಿಜ್ಞಾನಿ ಬಿಸಿಲನ್ನು ಏಳು ಬಣ್ಣಗಳಾಗಿ ಬಿಡಿಸಿ, ನೇರಳೆಯ ಆಚೆ, ಬಣ್ಣವೇ ಕಾಣದ ಕಡೆ, ಬೆಳ್ಳಿಯ ಲವಣವನ್ನಿಟ್ಟನು. ಅದು ಮಿಕ್ಕೆಲ್ಲ ಕಡೆಗಿಂತ ಬೇಗ ಅಲ್ಲಿ ಕಪ್ಪಾಯಿತು. ಇವೇ ನೇರಳಾತೀತ ಕಿರಣಗಳು. ಇವುಗಳಿಂದ ಒಂದು ಬಗೆಯ ಚರ್ಮಕ್ಷಯವನ್ನು ಗುಣಪಡಿಸಿದ ಡೆನ್ಮಾರ್ಕಿನ ಫಿನ್ಸೆನ್ ಅವರಿಗೆ ೧೯೦೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಅದಕ್ಕೆ ಮುಂಚೆಯೇ, ೧೮೯೪ರಲ್ಲಿ, ಹ್ಯಾಂಬರ್ಗಿನ ವೈದ್ಯ ಉನ್ನಾ ಅವರು ನಾವಿಕರ ಒರಟಾದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಕಂಡಿದ್ದರು. ೧೯೨೮ರಲ್ಲಿ ಫಿಂಡ್ಲೆ ಎಂಬವರು ಇಲಿಗಳ ಮೇಲೆ ಈ ಕಿರಣಗಳನ್ನು ಹಾಯಿಸಿ, ಗಂತಿಗಳೇಳುವುದನ್ನು ತೋರಿಸಿಕೊಟ್ಟರು. ೧೯೮೧ರಲ್ಲಿ ಆಸ್ಟ್ರೇಲಿಯದಲ್ಲಿ ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂದು ಮನೆಮನೆಗೂ ಸಾರಲಾಯಿತು. ಲೇಪವೊಂದನ್ನು ಬಿಟ್ಟರೆ ಮಿಕ್ಕದ್ದು ನಮ್ಮ ರೈತನಿಗೆ ಹೊಸದಲ್ಲ.

ಹಾಗಾದರೆ ನಮಗೆ ಭಯವಿಲ್ಲವೆ? ನಮ್ಮ ಚರ್ಮದ ಕಪ್ಪು ವರ್ಣದ್ರವ್ಯವೇ ಒಂದು ಕೊಡೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ. ಆದರೆ ಈ ಕೊಡೆ ಎಲ್ಲರಿಗೂ ದೊರೆತಿಲ್ಲ. ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆಗಳೆಲ್ಲ ಬೆಳ್ಳಗಿರುವವರು ನಮ್ಮ ನಡುವೆ ಇದ್ದಾರೆ. ಬಿಸಿಲು ತಗುಲಿದ ಕಡೆಯೆಲ್ಲ ಚುಕ್ಕೆ ಬಿದ್ದು, ಎಳೆತನದಲ್ಲೇ ಕ್ಯಾನ್ಸರಿಗೆ ತುತ್ತಾಗುವ ಮಕ್ಕಳೂ ಉಂಟು. ಕಿರಣಗಳಿಂದಾದ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿ ಇವರ ಜೀವಕೋಶಗಳಿಗೆ ಇಲ್ಲವೆಂದು ಜೇಮ್ಸ್ ಕ್ಲೀವರ್ ೧೯೬೮ರಲ್ಲಿ ತೋರಿಸಿದರು. ಎರಡೂ ತಂದೆತಾಯಿಗಳಿಬ್ಬರಿಂದ ಬರುವ ಬಳುವಳಿ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಇದರ ಸಂಭವ ಹೆಚ್ಚು. ಇದು ಶಾಪವಲ್ಲ, ಅಂಟುರೋಗವೂ ಅಲ್ಲ. ಇಂಥ ಮಗುವನ್ನು ಮನೆಯಲ್ಲಿ ಬಚ್ಚಿಡಬೇಕಾಗಿಲ್ಲ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ವೈದ್ಯರು ಹೇಳಿದ ಲೇಪ, ಶಾಲೆಯಲ್ಲಿ ಕಿಟಕಿಯಿಂದ ದೂರದ ಜಾಗ, ಇಷ್ಟನ್ನು ಒದಗಿಸಬೇಕು.

ಮಿಕ್ಕವರಿಗೂ ಒಂದು ಮಾತು. ಅಪರೂಪದ ರೋಗವೆಂದೇ ಅದು ತಡವಾಗಿ ಕಣ್ಣಿಗೆ ಬೀಳುತ್ತದೆ. ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಎದ್ದ ಗಂಟು, ಬೆಳೆಯುತ್ತಿರುವ ಮಚ್ಚೆ, ಬಿಸಿಲು ಕಾಣದ ಅಂಗಾಲಿನಲ್ಲಿ ಮೂಡಿದ ಕಪ್ಪು ಕಲೆ, ಇವನ್ನು ಸೊಪ್ಪಿನ ರಸ ಹಚ್ಚಿ ಕಾಯುತ್ತ ಕೂಡದೆ ವೈದ್ಯರಿಗೆ ತೋರಿಸುವುದು ಲೇಸು. ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಹೊತ್ತಿಗೆ ಸರಿಯಾಗಿ ಹೋದರೆ ಬಹುಪಾಲು ಹುಣ್ಣುಗಳು ಸಣ್ಣ ಶಸ್ತ್ರಕ್ರಿಯೆಯಲ್ಲೇ ನೀಗುತ್ತವೆ.